ಯುರೋಪಿನೊಳಗಿನ ಕಿರು ವಿಮಾನಯಾನ: ದರ ನೋಡುವ ಮೊದಲು ಪೆಟ್ಟಿಗೆ ತೂಗಿ

ಕೊಪ್ಪಳದಲ್ಲಿರುವ ನನ್ನ ಅಕ್ಕನ ಮಗ ಸ್ಪೇನಿನ ಮಾಲಗಾದಲ್ಲಿ ಕೆಲಸಕ್ಕಿದ್ದಾನೆ. ಅಪ್ಪ-ಅವ್ವನನ್ನು ಎರಡು ತಿಂಗಳ ಮಟ್ಟಿಗೆ ಅಲ್ಲಿಗೆ ಕರೆಸಿಕೊಳ್ಳಲು ಹೊರಟಾಗ ಅವನು ಬಳ್ಳಾರಿಯಲ್ಲಿರುವ ನನಗೆ ಫೋನ್ ಮಾಡಿ, "ಮಾಮಾ, ಬೆಂಗಳೂರಿಂದ ಫ್ರಾಂಕ್‌ಫರ್ಟ್‌ಗೆ ಒಂದು ಟಿಕೆಟ್ ತಗೀತೀನಿ. ಅಲ್ಲಿಂದ ಮಾಲಗಾಕ್ಕ ಹತ್ತೊಂಬತ್ತು ಯೂರೋಕ್ಕ ಸಿಗಾಕತ್ತೈತಿ, ಬುಕ್ ಮಾಡಿಬಿಡ್ಲೇನು?" ಎಂದು ಕೇಳಿದ. "ತಡಿಯಪ್ಪಾ, ನಿಮ್ಮವ್ವನ ಪೆಟ್ಟಿಗಿ ಎಷ್ಟು ಕೆಜಿ ಆಗ್ತೈತಿ, ಅದನ್ನ ಮೊದ್ಲು ಹೇಳು" ಎಂದೆ. ಅವನು ನಕ್ಕ. ಆದರೆ ಯುರೋಪಿನೊಳಗೆ ಒಂದು, ಎರಡು, ಹೆಚ್ಚೆಂದರೆ ಮೂರು ತಾಸಿನ ಪ್ರಯಾಣಕ್ಕೆ ವಿಮಾನ ಕಂಪನಿಯನ್ನು ಆರಿಸುವಾಗ ನಮ್ಮ ಕಡೆಯ ಜನ ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ ನಿಜಕ್ಕೂ ಅದೇ. ಪರದೆಯ ಮೇಲೆ ಕಾಣುವ ದರ ಬರಿಗೈಯಲ್ಲಿ ಹೋಗುವವನ ದರ. ಬಳ್ಳಾರಿ, ರಾಯಚೂರು, ಕೊಪ್ಪಳದಿಂದ ಮಕ್ಕಳ ಮನೆಗೆ ಹೊರಟವರು ಯಾರೂ ಬರಿಗೈಯಲ್ಲಿ ಹೋಗುವುದಿಲ್ಲ.

ಯುರೋಪಿನ ಕಂಪನಿಗಳನ್ನು ಸ್ಥೂಲವಾಗಿ ಎರಡು ಗುಂಪು ಮಾಡಬಹುದು. ಐರ್ಲೆಂಡಿನ ರಯಾನ್‌ಏರ್, ಬ್ರಿಟನ್ನಿನ ಈಸಿಜೆಟ್, ಹಂಗೇರಿಯ ವಿಜ್ ಏರ್, ಸ್ಪೇನಿನ ವುಯೆಲಿಂಗ್ ಮುಂತಾದವು ಕಡಿಮೆ ದರದ ಕಂಪನಿಗಳು. ಲುಫ್ತಾನ್ಸಾ, ಏರ್ ಫ್ರಾನ್ಸ್, ಕೆಎಲ್‌ಎಂ, ಬ್ರಿಟಿಷ್ ಏರ್‌ವೇಸ್, ಸ್ವಿಸ್, ಫಿನ್‌ಏರ್ ಮೊದಲಾದವು ಹಳೆಯ ರೀತಿಯ ಪೂರ್ಣ ಸೇವೆಯ ಕಂಪನಿಗಳು. ಈ ನಡುವೆ ಗೆರೆ ಅಳಿಸುತ್ತ ಬಂದಿದೆ. ಪೂರ್ಣ ಸೇವೆಯ ಕಂಪನಿಗಳೂ ಈಗ 'ಲೈಟ್' ಎಂಬ ಹೆಸರಿನಲ್ಲಿ ದೊಡ್ಡ ಲಗೇಜಿಲ್ಲದ ಟಿಕೆಟ್ ಮಾರುತ್ತವೆ, ಮತ್ತು ಯುರೋಪಿನೊಳಗಿನ ಹಾರಾಟದಲ್ಲಿ ಅವುಗಳಲ್ಲಿ ಕೆಲವು ನೀರಿನ ಬಾಟಲಿ, ಒಂದು ಚಾಕೊಲೇಟು ಬಿಟ್ಟರೆ ಉಳಿದ ತಿಂಡಿಗೆ ದುಡ್ಡು ತೆಗೆದುಕೊಳ್ಳುತ್ತವೆ. ಆದ್ದರಿಂದ ಹೆಸರಿನ ದೊಡ್ಡಸ್ತಿಕೆ ನೋಡಿ ಆರಿಸಬೇಡಿ. ಸುರಕ್ಷತೆಯ ಬಗ್ಗೆ ನಮ್ಮ ಹಿರಿಯರಿಗೆ ಇರುವ ಅನುಮಾನವನ್ನೂ ಇಲ್ಲೇ ಬಗೆಹರಿಸಿಬಿಡುತ್ತೇನೆ: ಐರೋಪ್ಯ ಒಕ್ಕೂಟದ ಕಂಪನಿಗಳು ಅಗ್ಗದವಾಗಲಿ ತುಟ್ಟಿಯವಾಗಲಿ, ಜರ್ಮನಿಯ ಕೊಲೋನ್‌ನಲ್ಲಿ ಕೇಂದ್ರ ಕಚೇರಿಯಿರುವ ಐರೋಪ್ಯ ವಿಮಾನಯಾನ ಸುರಕ್ಷತಾ ಸಂಸ್ಥೆ ರೂಪಿಸಿದ ಒಂದೇ ನಿಯಮದಡಿ ಹಾರುತ್ತವೆ. ಅಗ್ಗವಾಗುವುದು ಸೀಟು, ಸೌಕರ್ಯ ಮತ್ತು ಹಾರುವ ಹೊತ್ತು. ವಿಮಾನದ ದುರಸ್ತಿ ತಪಾಸಣೆಯಲ್ಲ.

ಚೀಲದ ಅಳತೆ, ಪೆಟ್ಟಿಗೆಯ ತೂಕ

ಕಡಿಮೆ ದರದ ಕಂಪನಿಗಳು ಟಿಕೆಟ್ಟಿನ ಜೊತೆ ಒಂದು ಸಣ್ಣ ಚೀಲವನ್ನು ಮಾತ್ರ ಪುಕ್ಕಟೆ ಒಯ್ಯಲು ಬಿಡುತ್ತವೆ, ಅದೂ ಮುಂದಿನ ಸೀಟಿನ ಕೆಳಗೆ ಹಿಡಿಸುವಂಥದ್ದು. ರಯಾನ್‌ಏರ್ 2025ರಲ್ಲಿ ಈ ಚೀಲದ ಅಳತೆಯನ್ನು ಸ್ವಲ್ಪ ಹಿಗ್ಗಿಸಿ 40×30×20 ಸೆಂಟಿಮೀಟರಿಗೆ ತಂದಿತು. ವಿಜ್ ಏರ್‌ನ ಅಳತೆಯೂ ಅದೇ, ಆದರೆ ತೂಕ 10 ಕೆಜಿ ಮೀರಬಾರದು. ಈಸಿಜೆಟ್ 45×36×20 ಸೆಂಟಿಮೀಟರ್, 15 ಕೆಜಿಯವರೆಗೆ ಬಿಡುತ್ತದೆ. ಹೀಗಾಗಿ 40×30×20ರ ಒಂದು ಬೆನ್ನಿನ ಚೀಲವನ್ನು ಕೊಂಡರೆ ಮೂರರಲ್ಲೂ ನಡೆಯುತ್ತದೆ. ತಲೆಯ ಮೇಲಿನ ಕಪಾಟಿನಲ್ಲಿ ಇಡುವ ಗಾಲಿಯ ಸೂಟ್‌ಕೇಸಿಗೆ ಬೇರೆ ದುಡ್ಡು. ಹೀಗೆ ಕೈಲಗೇಜಿಗೆ ದುಡ್ಡು ಕೀಳುವುದು ಸರಿಯಲ್ಲವೆಂದು ಸ್ಪೇನ್ ಸರ್ಕಾರ 2024ರ ನವೆಂಬರ್‌ನಲ್ಲಿ ಐದು ಕಂಪನಿಗಳಿಗೆ ಒಟ್ಟು 17.9 ಕೋಟಿ ಯೂರೋ ದಂಡ ಹಾಕಿತು. ಕಂಪನಿಗಳು ಅದನ್ನು ಪ್ರಶ್ನಿಸಿ ನ್ಯಾಯಾಲಯಕ್ಕೆ ಹೋದವು. ಆ ವ್ಯಾಜ್ಯ ಹೇಗಾದರೂ ತೀರಲಿ, ನಿಮ್ಮ ವಿಮಾನ ಹೊರಡುವ ದಿನ ಗೇಟಿನಲ್ಲಿ ನಿಂತ ನೌಕರನ ಮುಂದೆ ಅದರ ವಾದ ನಡೆಯುವುದಿಲ್ಲ.

ಗೇಟಿನ ಪಕ್ಕದಲ್ಲಿ ಕಬ್ಬಿಣದ ಒಂದು ಚೌಕಟ್ಟು ಇರುತ್ತದೆ. ಚೀಲ ಅದರಲ್ಲಿ ಇಳಿಯಬೇಕು. ಮನೆಯಲ್ಲಿ ಅಳೆಯುವಾಗ ಬಟ್ಟೆ ಹೊಲಿಯುವವರ ಟೇಪು ಹಿಡಿದು ಗಾಲಿ, ಹಿಡಿಕೆ, ಉಬ್ಬಿದ ಹೊರಜೇಬು ಎಲ್ಲವನ್ನೂ ಸೇರಿಸಿ ಅಳೆಯಿರಿ. ಅಂಗಡಿಯವನು ಚೀಟಿಯಲ್ಲಿ ಬರೆದ ಅಳತೆ ಬಹುಪಾಲು ಗಾಲಿ ಬಿಟ್ಟ ಅಳತೆಯಾಗಿರುತ್ತದೆ. ಚೌಕಟ್ಟಿನಲ್ಲಿ ಇಳಿಯದ ಚೀಲಕ್ಕೆ ಗೇಟಿನಲ್ಲಿ ಕೊಡಬೇಕಾದ ಶುಲ್ಕ ಎಷ್ಟೋ ಸಲ ಟಿಕೆಟ್ಟಿನ ದರವನ್ನೇ ಮೀರಿಸುತ್ತದೆ. ಅದೇ ಚೀಲಕ್ಕೆ ಬುಕಿಂಗ್ ಮಾಡುವಾಗಲೇ ದುಡ್ಡು ಕಟ್ಟಿದರೆ ಎಲ್ಲಕ್ಕಿಂತ ಅಗ್ಗ, ಆಮೇಲೆ ಆನ್‌ಲೈನ್‌ನಲ್ಲಿ ಸೇರಿಸಿದರೆ ಸ್ವಲ್ಪ ತುಟ್ಟಿ, ಕೌಂಟರಿನಲ್ಲಿ ಇನ್ನೂ ತುಟ್ಟಿ, ಗೇಟಿನಲ್ಲಿ ಕೇಳುವುದೇ ಬೇಡ.

ನಮ್ಮ ಲಗೇಜಿನಲ್ಲಿ ಇನ್ನೊಂದು ವಿಶೇಷವಿದೆ. ಖಡಕ್ ರೊಟ್ಟಿಗೆ ತೂಕವಿಲ್ಲ, ಆದರೆ ಜಾಗ ಬೇಕು ಮತ್ತು ಒತ್ತಿದರೆ ಪುಡಿಯಾಗುತ್ತದೆ. ಶೇಂಗಾ ಹಿಂಡಿ, ಗುರೆಳ್ಳು ಹಿಂಡಿಗಳಿಗೆ ಜಾಗ ಬೇಡ, ಆದರೆ ಎರಡು ಡಬ್ಬಿಗೇ ಪೆಟ್ಟಿಗೆ ಭಾರವಾಗುತ್ತದೆ. ಬಳ್ಳಾರಿಯವರು ಮಗನಿಗೆಂದು ನಾಲ್ಕು ಜೀನ್ಸ್ ಪ್ಯಾಂಟು ತುಂಬಿದರೆ ಎರಡು ಕೆಜಿ ಅಲ್ಲೇ ಮುಗಿಯಿತು. ರೊಟ್ಟಿಯನ್ನು ಅಗಲವಾದ ಸ್ಟೀಲ್ ಡಬ್ಬಿಯಲ್ಲಿ ದೊಡ್ಡ ಪೆಟ್ಟಿಗೆಯೊಳಗೆ ಇಡಿ, ಒಂದು ಜೀನ್ಸನ್ನು ಮೈಮೇಲೆ ಹಾಕಿಕೊಳ್ಳಿ, ಉಪ್ಪಿನಕಾಯಿಯನ್ನು ಮಾತ್ರ ಕೈಚೀಲದಲ್ಲಿ ಇಡಬೇಡಿ, ಏಕೆಂದರೆ ಭದ್ರತಾ ತಪಾಸಣೆಯಲ್ಲಿ ಅದನ್ನು ದ್ರವವೆಂದೇ ಎಣಿಸಿ 100 ಮಿಲಿಲೀಟರಿನ ಮಿತಿಯನ್ನು ಹೇರುತ್ತಾರೆ. ತುಪ್ಪ, ಖೋವಾ, ಪೇಢೆಗಳ ಮಾತೇ ಬೇರೆ: ಭಾರತದಂಥ ಹೊರದೇಶಗಳಿಂದ ಹಾಲಿನ ಪದಾರ್ಥಗಳನ್ನು ಪ್ರಯಾಣಿಕರು ಐರೋಪ್ಯ ಒಕ್ಕೂಟದೊಳಗೆ ಒಯ್ಯುವುದಕ್ಕೇ ನಿಷೇಧವಿದೆ, ಯಾವ ಪೆಟ್ಟಿಗೆಯಲ್ಲಿಟ್ಟರೂ ಅಷ್ಟೆ.

ಪೆಟ್ಟಿಗೆಯನ್ನು ಓಣಿಯ ಕಿರಾಣಿ ಅಂಗಡಿಯ ತಕ್ಕಡಿಯ ಮೇಲೆ ಇಟ್ಟು ತೂಗಿಸಿ, ತೂಕವನ್ನು ಒಂದು ಕಾಗದದ ಮೇಲೆ ಬರೆದುಕೊಳ್ಳಿ. ಬೆಂಗಳೂರಿನಿಂದ ಯುರೋಪಿಗೆ ಹೋಗುವ ದೊಡ್ಡ ವಿಮಾನದಲ್ಲಿ ಸಾಮಾನ್ಯವಾಗಿ 23 ಕೆಜಿಯ ಒಂದೋ ಎರಡೋ ಪೆಟ್ಟಿಗೆ ನಡೆಯುತ್ತದೆ. ಕಡಿಮೆ ದರದ ಕಂಪನಿಯಲ್ಲಿ ನೀವು 20 ಕೆಜಿಯ ಲಗೇಜು ಕೊಂಡಿದ್ದರೆ ಅದೇ ಪೆಟ್ಟಿಗೆ ಮೂರು ಕೆಜಿ ಹೆಚ್ಚಾಯಿತು, ಮತ್ತು ಹೆಚ್ಚಾದ ಪ್ರತಿ ಕೆಜಿಗೂ ಪ್ರತ್ಯೇಕ ದರವಿದೆ. ದೊಡ್ಡ ವಿಮಾನದ ಮಿತಿಯನ್ನು ನಂಬಿ ಸಣ್ಣ ವಿಮಾನಕ್ಕೆ ಹೋದವರು ಮೋಸಹೋಗುವುದು ಇಲ್ಲೇ.

ಹತ್ತೊಂಬತ್ತು ಯೂರೋ ಎಷ್ಟಾಗುತ್ತದೆ

ಲೆಕ್ಕ ತಿಳಿಯಲೆಂದು ಒಂದು ಕಾಲ್ಪನಿಕ ಉದಾಹರಣೆ ತೆಗೆದುಕೊಳ್ಳೋಣ. ಅಗ್ಗದ ಟಿಕೆಟ್ 20 ಯೂರೋ, 20 ಕೆಜಿಯ ಪೆಟ್ಟಿಗೆಗೆ 35, ಗಂಡ-ಹೆಂಡತಿ ಒಟ್ಟಿಗೆ ಕೂರುವ ಸೀಟಿಗೆ 8, ಊರಾಚೆಯ ವಿಮಾನ ನಿಲ್ದಾಣಕ್ಕೆ ಬಸ್ಸಿಗೆ 18. ಒಟ್ಟು ತಲಾ 81 ಯೂರೋ. ಪೂರ್ಣ ಸೇವೆಯ ಕಂಪನಿಯಲ್ಲಿ ಪೆಟ್ಟಿಗೆ ಸೇರಿದ ಟಿಕೆಟ್ 95, ನಗರದ ರೈಲಿಗೆ 6; ಒಟ್ಟು 101. ಯೂರೋ ಒಂದಕ್ಕೆ ಸುಮಾರು ನೂರು ರೂಪಾಯಿ ಎಂದು ಹಿಡಿದರೆ ತಲಾ ಎರಡು ಸಾವಿರ ರೂಪಾಯಿ ಉಳಿಯಿತು ಎನ್ನಬಹುದು. ಆದರೆ ಅಗ್ಗದ ವಿಮಾನ ಬೆಳಿಗ್ಗೆ ಆರಕ್ಕೆ ಹೊರಡುತ್ತದೆ, ಆ ಹೊತ್ತಿಗೆ ತಲುಪಿಸುವ ಬಸ್ಸಿಲ್ಲ, ಹಿಂದಿನ ರಾತ್ರಿ ಹೋಟೆಲಿನಲ್ಲಿ ಇಬ್ಬರಿಗೆ 70 ಯೂರೋ ಎಂದಾದರೆ ತಲಾ 35 ಸೇರಿ ಅದೇ ಪ್ರಯಾಣ 116 ಯೂರೋ ಆಯಿತು. ಉಳಿತಾಯ ಹೋಗಿ ನಷ್ಟ ಬಂತು, ನಿದ್ದೆಗೇಡು ಬೇರೆ.

ಇದೇ ಪ್ರಯಾಣಕ್ಕೆ ಬೆನ್ನಿನ ಚೀಲ ಒಂದನ್ನೇ ಹಾಕಿಕೊಂಡು, ಹಗಲು ಹೊತ್ತಿನ ವಿಮಾನ ಹಿಡಿದು ಹೊರಟರೆ ಲೆಕ್ಕ ತಿರುಗುತ್ತದೆ: ಅಗ್ಗದ ಕಂಪನಿಯಲ್ಲಿ 20ಕ್ಕೆ 18 ಸೇರಿ 38, ದೊಡ್ಡ ಕಂಪನಿಯ 'ಲೈಟ್' ಟಿಕೆಟ್ಟಿನಲ್ಲಿ 65ಕ್ಕೆ 6 ಸೇರಿ 71. ಆದ್ದರಿಂದ ಅಗ್ಗದ ಕಂಪನಿಗಳನ್ನು ಬೈಯುವವರ ಜೊತೆ ನಾನು ದನಿಗೂಡಿಸುವುದಿಲ್ಲ. ಮಗನ ಮನೆಯಲ್ಲಿ ದೊಡ್ಡ ಪೆಟ್ಟಿಗೆಗಳನ್ನು ಬಿಟ್ಟು, ಎರಡು ಜೊತೆ ಬಟ್ಟೆಯೊಂದಿಗೆ ನಾಲ್ಕು ದಿನ ರೋಮೋ ಪ್ಯಾರಿಸೋ ನೋಡಿ ಬರುವವರಿಗೆ ಅವುಗಳಷ್ಟು ಅನುಕೂಲ ಬೇರೆ ಇಲ್ಲ. ಊರಿನಿಂದ ಹೊತ್ತು ತಂದ ಪೆಟ್ಟಿಗೆಯ ಸಮೇತ ಹತ್ತಿದರೆ ಅವು ಅಗ್ಗವಾಗಿ ಉಳಿಯುವುದಿಲ್ಲ. ನನ್ನ ಅನುಭವದಲ್ಲಿ ಕಂಪನಿಯ ಆಯ್ಕೆಯ ಮುಕ್ಕಾಲು ಪಾಲು ಈ ಒಂದು ಮಾತಿನಲ್ಲೇ ತೀರ್ಮಾನವಾಗುತ್ತದೆ.

ಹೆಸರು ಒಂದೂರಿನದು, ನಿಲ್ದಾಣ ಇನ್ನೊಂದೂರಿನದು

ತೋರಣಗಲ್ಲಿನ ವಿಮಾನ ನಿಲ್ದಾಣದಲ್ಲಿ ಇಳಿದವರು ಬಳ್ಳಾರಿಗೆ ಬಂದೆವು ಎಂದರೆ ಯಾರೂ ಆಕ್ಷೇಪಿಸುವುದಿಲ್ಲ. ಮೂವತ್ತು ಚಿಲ್ಲರೆ ಕಿಲೋಮೀಟರು, ಅಷ್ಟೆ. ಕೊಪ್ಪಳದಲ್ಲಿ ಇಳಿಸಿ ಬಳ್ಳಾರಿ ಎಂದರೆ ಜಗಳವಾಗುತ್ತದೆ. ಯುರೋಪಿನಲ್ಲಿ ಇದು ದಿನನಿತ್ಯ ನಡೆಯುತ್ತದೆ. 'ಫ್ರಾಂಕ್‌ಫರ್ಟ್ ಹಾನ್' ಎಂಬ ನಿಲ್ದಾಣ ಫ್ರಾಂಕ್‌ಫರ್ಟ್ ನಗರದಿಂದ ಸುಮಾರು 120 ಕಿಲೋಮೀಟರ್ ದೂರವಿದೆ, ಅಂದರೆ ಬಳ್ಳಾರಿಯಿಂದ ಕೊಪ್ಪಳಕ್ಕಿಂತಲೂ ದೂರ. ಪ್ಯಾರಿಸ್ ಬೋವೆ ನಿಲ್ದಾಣ ಪ್ಯಾರಿಸ್‌ನಿಂದ ಸುಮಾರು 85 ಕಿಲೋಮೀಟರ್. ಬಸ್ಸಿನಲ್ಲಿ ಒಂದೂಕಾಲು ತಾಸು. ಮ್ಯೂನಿಕ್‌ನ ಪಶ್ಚಿಮಕ್ಕಿರುವ ಮೆಮ್ಮಿಂಗೆನ್ ಸುಮಾರು 110 ಕಿಲೋಮೀಟರ್, ಸ್ಟಾಕ್‌ಹೋಮಿನ ಸ್ಕಾವ್‌ಸ್ಟಾ ಸುಮಾರು 100, ಬ್ರಸೆಲ್ಸ್‌ನ ಶಾರ್ಲ್‌ರುವಾ ಮತ್ತು ಮಿಲಾನಿನ ಬೆರ್ಗಾಮೊ ತಲಾ ಐವತ್ತರ ಆಸುಪಾಸು. ಎಲ್ಲವೂ ಹೀಗೆಯೇ ಎಂದಲ್ಲ, ರೋಮಿನ ಚಾಂಪಿನೊ ಊರಿಗೆ ಹತ್ತಿರವೇ ಇದೆ. ಹುಡುಕುವಾಗ ಊರಿನ ಹೆಸರನ್ನು ಓದಿ ನಿಲ್ಲಬೇಡಿ, ಅದರ ಪಕ್ಕದ ಮೂರಕ್ಷರದ ಸಂಕೇತವನ್ನು ನಕ್ಷೆಯಲ್ಲಿ ಹಾಕಿ, ಮನೆಯ ಬಾಗಿಲಿನಿಂದ ಅಲ್ಲಿಗೆ ಆ ಹೊತ್ತಿನಲ್ಲಿ ಬಸ್ಸು ಅಥವಾ ರೈಲು ಇದೆಯೇ ಎಂಬುದನ್ನು ನೋಡಿ.

ನನ್ನ ಅಳಿಯ ಕಂಡಿದ್ದ ಹತ್ತೊಂಬತ್ತು ಯೂರೋದ ವಿಮಾನ ಹೊರಡುವುದು ಇದೇ ಹಾನ್‌ನಿಂದ. ಅಕ್ಕ, ಭಾವ ಬೆಂಗಳೂರಿನಿಂದ ಬಂದಿಳಿಯುವುದು ಫ್ರಾಂಕ್‌ಫರ್ಟಿನ ದೊಡ್ಡ ನಿಲ್ದಾಣದಲ್ಲಿ. ಜರ್ಮನ್ ಬಾರದ, ಇಂಗ್ಲಿಷ್ ಅಷ್ಟಕ್ಕಷ್ಟೇ ಇರುವ ಇಬ್ಬರು ಹಿರಿಯರು ನಾಲ್ಕು ಪೆಟ್ಟಿಗೆಗಳೊಂದಿಗೆ ಆ ದೂರವನ್ನು ಬಸ್ಸಿನಲ್ಲಿ ಕ್ರಮಿಸಬೇಕಾಗುತ್ತಿತ್ತು.

ಸಮಯದ ಲೆಕ್ಕವನ್ನೂ ಬಾಗಿಲಿನಿಂದ ಬಾಗಿಲಿಗೆ ಹಾಕಿದರೆ ಕೆಲವು ಕಡೆ ವಿಮಾನವೇ ಬೇಡವಾಗುತ್ತದೆ. ಪ್ಯಾರಿಸ್‌ನಿಂದ ಬ್ರಸೆಲ್ಸ್‌ಗೆ ರೈಲಿನಲ್ಲಿ ಒಂದೂವರೆ ತಾಸಿಗೂ ಕಡಿಮೆ, ಪ್ಯಾರಿಸ್‌ನಿಂದ ಲಂಡನ್ನಿಗೆ ಎರಡೂಕಾಲು ತಾಸಿನ ಆಸುಪಾಸು, ಫ್ರಾಂಕ್‌ಫರ್ಟ್‌ನಿಂದ ಪ್ಯಾರಿಸ್‌ಗೆ ನಾಲ್ಕು ತಾಸಿನೊಳಗೆ. ಊರ ನಡುವೆ ಹತ್ತಿ ಊರ ನಡುವೆಯೇ ಇಳಿಯಬಹುದು, ಪೆಟ್ಟಿಗೆ ತೂಗುವವರಿಲ್ಲ. ಎರಡೂವರೆ ತಾಸಿನೊಳಗಿನ ರೈಲು ಇರುವಲ್ಲಿ ದೇಶದೊಳಗಿನ ವಿಮಾನ ಬೇಡವೆಂದು ಫ್ರಾನ್ಸ್ 2023ರಲ್ಲಿ ಕಾನೂನನ್ನೇ ಜಾರಿಗೆ ತಂದು, ಪ್ಯಾರಿಸ್‌ನ ಓರ್ಲಿ ನಿಲ್ದಾಣದಿಂದ ಬೋರ್ಡೊ, ನಾಂತ್, ಲಿಯೋನ್‌ಗಳ ಹಾರಾಟವನ್ನು ನಿಲ್ಲಿಸಿತು. ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ರಾತ್ರಿ ಮಲಗಿ ಬೆಂಗಳೂರಿಗೆ ಹೋಗುವ ನಮಗೆ ಇದನ್ನು ವಿವರಿಸಿ ಹೇಳಬೇಕಿಲ್ಲ.

ಒಂದು ಟಿಕೆಟ್ಟೋ ಎರಡೋ

ಭಾರತದಿಂದ ಇಳಿದ ದಿನವೇ ಯುರೋಪಿನ ಇನ್ನೊಂದು ಊರಿಗೆ ಹಾರಬೇಕಾದವರು ಎರಡು ಬೇರೆ ಬೇರೆ ಟಿಕೆಟ್ ಕೊಳ್ಳಬಾರದು. ಇದರಲ್ಲಿ ನನಗೆ ಅನುಮಾನವೇ ಇಲ್ಲ. ಎರಡೂ ಹಾರಾಟಗಳು ಒಂದೇ ಪಿಎನ್ಆರ್‌ನಲ್ಲಿದ್ದರೆ, ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದಾಗ ಮುಂದಿನ ವಿಮಾನದಲ್ಲಿ ಕೂರಿಸುವ ಹೊಣೆ ಕಂಪನಿಯದು. ಸಾಮಾನ್ಯವಾಗಿ ಪೆಟ್ಟಿಗೆ ಬೆಂಗಳೂರಿನಿಂದ ನೇರವಾಗಿ ಕೊನೆಯ ಊರಿಗೆ ಹೋಗುತ್ತದೆ, ಮತ್ತು ಭಾರತದಿಂದ ಕೊಟ್ಟ ತೂಕದ ಮಿತಿಯೇ ಕಡೆಯವರೆಗೂ ನಡೆಯುತ್ತದೆ. ಬೇರೆ ಬೇರೆ ಟಿಕೆಟ್ ಆದರೆ ಮಧ್ಯದಲ್ಲಿ ಪೆಟ್ಟಿಗೆ ಎತ್ತಿಕೊಂಡು, ಹೊರಗೆ ಬಂದು, ಮತ್ತೆ ತೂಗಿಸಿ ಒಳಗೆ ಹೋಗಬೇಕು; ವಿಮಾನ ತಪ್ಪಿದರೆ ಟಿಕೆಟ್ಟೂ ಹೋಯಿತು. ಲುಫ್ತಾನ್ಸಾ, ಏರ್ ಫ್ರಾನ್ಸ್, ಕೆಎಲ್‌ಎಂ, ಬ್ರಿಟಿಷ್ ಏರ್‌ವೇಸ್‌ಗಳು ಬೆಂಗಳೂರಿನಿಂದ ತಮ್ಮ ದೊಡ್ಡ ನಿಲ್ದಾಣಗಳಿಗೆ ನೇರವಾಗಿ ಹಾರುತ್ತವೆ, ಅಲ್ಲಿಂದ ಮುಂದಿನ ಊರಿಗೆ ತಮ್ಮದೇ ವಿಮಾನ ಕೊಡುತ್ತವೆ. ಹೀಗೆ ಕೊಂಡಾಗ ಒಳಗಿನ ಕಿರು ಹಾರಾಟದ ದರ ಒಟ್ಟು ದರದಲ್ಲಿ ಅಷ್ಟಾಗಿ ಎದ್ದು ಕಾಣುವುದೂ ಇಲ್ಲ.

ನಡುವಿನ ಬಿಡುವು ಎಷ್ಟಿರಬೇಕೆಂದು ಎಲ್ಲರೂ ಕೇಳುತ್ತಾರೆ. ಷೆಂಗೆನ್ ಪ್ರದೇಶದ, ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪಿನ, ಮೊದಲ ನಿಲ್ದಾಣದಲ್ಲೇ ನಿಮ್ಮ ವಲಸೆ ತಪಾಸಣೆ ಮುಗಿಯುತ್ತದೆ. 2025ರ ಅಕ್ಟೋಬರ್ 12ರಿಂದ ಅಲ್ಲಿ ಹಂತ ಹಂತವಾಗಿ ಹೊಸ ವ್ಯವಸ್ಥೆ ಜಾರಿಗೆ ಬಂದಿದ್ದು, ಮುದ್ರೆ ಒತ್ತುವ ಬದಲು ಬೆರಳಚ್ಚು ಮತ್ತು ಮುಖದ ಚಿತ್ರವನ್ನು ಗಣಕಕ್ಕೆ ಸೇರಿಸುತ್ತಾರೆ. ಮೊದಲ ಸಲ ಹೋಗುವವರಿಗೆ ಸಾಲು ಉದ್ದವಾಗುತ್ತದೆ. ಕಂಪನಿ ಒಂದು ತಾಸಿನ ಬಿಡುವನ್ನು ತೋರಿಸಿದರೂ ಹಿರಿಯರಿಗೆ ಮೂರು ತಾಸಿನದನ್ನೇ ಆರಿಸಿ.

ವೀಸಾ ಚೀಟಿಯ ಒಂದು ಸಾಲು

ಭಾರತದ ಪಾಸ್‌ಪೋರ್ಟಿನವರು ವಿಮಾನ ಆರಿಸುವಾಗ ಯುರೋಪಿಯನ್ನರಿಗೆ ಇಲ್ಲದ ಒಂದು ಹೆಚ್ಚಿನ ಲೆಕ್ಕ ಹಾಕಬೇಕು. ಪಾಸ್‌ಪೋರ್ಟಿಗೆ ಅಂಟಿಸಿದ ಷೆಂಗೆನ್ ವೀಸಾದಲ್ಲಿ ಎಷ್ಟು ಸಲ ಪ್ರವೇಶಿಸಬಹುದು ಎಂಬ ಸಾಲಿದೆ. ಅಲ್ಲಿ 01, 02 ಅಥವಾ 'ಮಲ್ಟ್' ಎಂದು ಅಚ್ಚಾಗಿರುತ್ತದೆ. 01 ಇದ್ದವರು ಪ್ಯಾರಿಸ್‌ನಿಂದ ಲಂಡನ್ನಿಗೋ ಡಬ್ಲಿನ್ನಿಗೋ ಹೋದರೆ ವಾಪಸ್ ಷೆಂಗೆನ್‌ಗೆ ಬರುವ ಹಾಗಿಲ್ಲ, ಏಕೆಂದರೆ ಬ್ರಿಟನ್, ಐರ್ಲೆಂಡ್, ಸೈಪ್ರಸ್‌ಗಳು ಷೆಂಗೆನ್‌ನಲ್ಲಿಲ್ಲ, ಮತ್ತು ಬ್ರಿಟನ್, ಐರ್ಲೆಂಡ್‌ಗಳಿಗೆ ಹೋಗಲು ಬೇರೆ ವೀಸಾವನ್ನೂ ಪಡೆಯಬೇಕು. ಸ್ವಿಟ್ಜರ್ಲೆಂಡ್, ನಾರ್ವೆಗಳು ಐರೋಪ್ಯ ಒಕ್ಕೂಟದಲ್ಲಿಲ್ಲ, ಆದರೂ ಷೆಂಗೆನ್‌ನಲ್ಲಿವೆ. 2025ರ ಜನವರಿ 1ರಂದು ರೊಮೇನಿಯಾ, ಬಲ್ಗೇರಿಯಾ ಪೂರ್ಣವಾಗಿ ಸೇರಿದ ಮೇಲೆ ಒಟ್ಟು 29 ದೇಶಗಳಾದವು. ಬಿಡುವಿಗೆಂದು ಲಂಡನ್ ಮೂಲಕ ಹೋಗುವ ಅಗ್ಗದ ಟಿಕೆಟ್ ಕಂಡಾಗ ಈ ಸಾಲನ್ನು ಮೊದಲು ನೋಡಿ.

ಷೆಂಗೆನ್ ದೇಶಗಳ ನಡುವೆ ಹಾರುವಾಗ ಸಾಮಾನ್ಯವಾಗಿ ವಲಸೆ ತಪಾಸಣೆ ಇರುವುದಿಲ್ಲ. ಹಾಗೆಂದು ಪಾಸ್‌ಪೋರ್ಟನ್ನು ಮನೆಯಲ್ಲಿ ಬಿಟ್ಟು ಹೋಗಬೇಡಿ, ಕಂಪನಿಯವರು ಗುರುತು ನೋಡುತ್ತಾರೆ. ಕೆಲವು ಕಡಿಮೆ ದರದ ಕಂಪನಿಗಳು ಯುರೋಪಿನ ಹೊರಗಿನ ಪಾಸ್‌ಪೋರ್ಟಿನವರು ಭದ್ರತಾ ತಪಾಸಣೆಗೆ ಮೊದಲೇ ಕೌಂಟರಿಗೆ ಹೋಗಿ ದಾಖಲೆ ತೋರಿಸಬೇಕೆಂದು ನಿಯಮ ಮಾಡಿವೆ. ಇದು ನನಗೆ ತಿಳಿದದ್ದು ಪೆಟ್ಟು ತಿಂದ ಮೇಲೆ. 2019ರಲ್ಲಿ ನಾನೂ ನನ್ನ ಹೆಂಡತಿಯೂ ಇಟಲಿಯಿಂದ ಜರ್ಮನಿಗೆ ಮರಳುವಾಗ, ಇರುವುದು ಬರಿ ಕೈಚೀಲ, ಕೌಂಟರಿನಲ್ಲಿ ನಮಗೇನು ಕೆಲಸವೆಂದು ನೇರವಾಗಿ ಗೇಟಿಗೆ ಹೋಗಿ ನಿಂತೆವು. ನಮ್ಮ ಸರದಿ ಬಂದಾಗ ಗೇಟಿನಲ್ಲಿದ್ದ ಹುಡುಗಿ ಬೋರ್ಡಿಂಗ್ ಪಾಸನ್ನು ತಿರುಗಿಸಿ ನೋಡಿ, ಮೂಲೆಯಲ್ಲಿ ಸಣ್ಣಕ್ಷರದಲ್ಲಿದ್ದ ಒಂದು ಸಾಲಿನ ಮೇಲೆ ಬೆರಳಿಟ್ಟು, ಇಲ್ಲಿ ಮುದ್ರೆ ಇಲ್ಲ ಎಂದಳು. ಮತ್ತೆ ಹೊರಗೆ ಓಡಿ, ಕೌಂಟರಿನ ಸಾಲಿನಲ್ಲಿ ನಿಂತು ಮುದ್ರೆ ಹಾಕಿಸಿಕೊಂಡು, ಮತ್ತೆ ಬೆಲ್ಟು ಬಿಚ್ಚಿ ತಪಾಸಣೆ ದಾಟಿ ಬಂದಾಗ ಗೇಟಿನ ಹಗ್ಗ ಕಟ್ಟುತ್ತಿದ್ದರು. ಅಂದಿನಿಂದ ಕೈಚೀಲ ಒಂದೇ ಇದ್ದರೂ ಎರಡು ತಾಸು ಮೊದಲು ನಿಲ್ದಾಣದಲ್ಲಿರುತ್ತೇನೆ.

ಬುಕಿಂಗ್ ಮಾಡುವಾಗ

ಟಿಕೆಟ್ಟಿನ ಹೆಸರು ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಇರಬೇಕು. ನಮ್ಮ ಕಡೆ ಅರ್ಧ ಜನರಿಗೆ ಮನೆತನದ ಹೆಸರು ಒಂದಕ್ಷರದ ಇನಿಷಿಯಲ್ ಆಗಿರುತ್ತದೆ, ಕೆಲವರ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿಯೇ ಇರುತ್ತದೆ. ಜಾಲತಾಣ ಮಾತ್ರ ಎರಡೂ ಚೌಕ ತುಂಬದೆ ಮುಂದೆ ಬಿಡುವುದಿಲ್ಲ. ಅಂಥವರು ಏನು ತುಂಬಬೇಕೆಂಬ ಸೂಚನೆ ಆಯಾ ಕಂಪನಿಯ ಸಹಾಯ ಪುಟದಲ್ಲಿರುತ್ತದೆ, ಊಹಿಸಿ ತುಂಬಬೇಡಿ. ಆಮೇಲೆ ಹೆಸರು ತಿದ್ದಿಸುವುದಕ್ಕೆ ಹಿಡಿಯುವ ದುಡ್ಡಿನಲ್ಲಿ ಇನ್ನೊಂದು ಟಿಕೆಟ್ ಬರುತ್ತದೆ.

ಹೋಲಿಸಿ ನೋಡುವುದಕ್ಕೆ ಯಾವ ಹುಡುಕು ತಾಣವಾದರೂ ಸರಿ, ಆದರೆ ಕೊಳ್ಳುವಾಗ ಕಂಪನಿಯ ಸ್ವಂತ ತಾಣದಲ್ಲಿ, ನಿಮ್ಮ ಸ್ವಂತ ಇಮೇಲ್ ಮತ್ತು ಫೋನ್ ಸಂಖ್ಯೆ ಕೊಟ್ಟು ಕೊಳ್ಳಿ. ಮಧ್ಯವರ್ತಿ ಏಜೆಂಟ್ ತನ್ನ ಇಮೇಲ್ ಹಾಕಿದ್ದರೆ ವಿಮಾನ ರದ್ದಾದ ಸುದ್ದಿ ಅವನಿಗೆ ಹೋಗುತ್ತದೆ, ನಿಮಗೆ ಬರುವುದಿಲ್ಲ. ರಯಾನ್‌ಏರ್ ತನ್ನ ಅನುಮತಿಯಿಲ್ಲದ ಏಜೆಂಟರ ಮೂಲಕ ಕೊಂಡವರಿಂದ ಗುರುತಿನ ದೃಢೀಕರಣವನ್ನೂ ಕೇಳುತ್ತದೆ. ಬ್ಯಾಂಕಿನ ಕಾರ್ಡಿನಲ್ಲಿ ಅಂತಾರಾಷ್ಟ್ರೀಯ ಬಳಕೆಯನ್ನು ಮೊದಲೇ ತೆರೆದಿಟ್ಟುಕೊಳ್ಳಿ, ಮತ್ತು ದರವನ್ನು ರೂಪಾಯಿಗೆ ಬದಲಿಸಿ ಕಟ್ಟುವಿರಾ ಎಂದು ತಾಣ ಕೇಳಿದಾಗ ಬೇಡವೆಂದು ಯೂರೋದಲ್ಲೇ ಕಟ್ಟಿ. ಆ ಬದಲಾವಣೆಯ ದರ ಬ್ಯಾಂಕಿನದಕ್ಕಿಂತ ಹೆಚ್ಚಾಗಿ ತುಟ್ಟಿಯೇ ಇರುತ್ತದೆ.

ಆನ್‌ಲೈನ್ ಚೆಕ್-ಇನ್ ಮರೆತರೆ ಕಡಿಮೆ ದರದ ಕಂಪನಿಗಳು ನಿಲ್ದಾಣದಲ್ಲಿ ಭಾರಿ ಶುಲ್ಕ ಹಾಕುತ್ತವೆ. ರಯಾನ್‌ಏರ್‌ನಲ್ಲಿ ಸೀಟು ಕೊಳ್ಳದವರಿಗೆ ಚೆಕ್-ಇನ್ ತೆರೆಯುವುದು ಹೊರಡುವ 24 ತಾಸು ಮೊದಲು. 2025ರ ನವೆಂಬರ್ 12ರಿಂದ ಅದು ಕಾಗದದ ಬೋರ್ಡಿಂಗ್ ಪಾಸನ್ನು ಕೈಬಿಟ್ಟು ಫೋನಿನ ಆ್ಯಪ್‌ನಲ್ಲಿರುವುದನ್ನೇ ಕೇಳುತ್ತದೆ. ಬಟನ್ ಫೋನು ಬಳಸುವ ಹಿರಿಯರನ್ನು ಒಂಟಿಯಾಗಿ ಅದರಲ್ಲಿ ಕಳಿಸುವ ಮುನ್ನ ಇದನ್ನೂ ಯೋಚಿಸಬೇಕು.

ತಡವಾದಾಗ, ರದ್ದಾದಾಗ

ಕಡಿಮೆ ದರದ ಕಂಪನಿಯ ಒಂದೇ ವಿಮಾನ ದಿನಕ್ಕೆ ನಾಲ್ಕಾರು ಸಲ ಊರಿಂದೂರಿಗೆ ಹಾರುತ್ತದೆ, ನಡುವೆ ನಿಲ್ಲುವುದು ಅರ್ಧ ತಾಸಿನಷ್ಟು. ಬೆಳಿಗ್ಗೆ ಎಲ್ಲೋ ಇಪ್ಪತ್ತು ನಿಮಿಷ ತಡವಾದದ್ದು ಸಂಜೆಯ ಹೊತ್ತಿಗೆ ಎರಡು ತಾಸಾಗಿ ಬೆಳೆದಿರುತ್ತದೆ. ಮುಖ್ಯವಾದ ಕೆಲಸವಿದ್ದರೆ ಮುಂಜಾನೆಯದನ್ನು ಆರಿಸಿ, ದಿನದ ಕೊನೆಯ ವಿಮಾನವನ್ನು ಬಿಡಿ. ಆ ಮಾರ್ಗದಲ್ಲಿ ಆ ಕಂಪನಿಗೆ ದಿನಕ್ಕೆ ಎಷ್ಟು ಹಾರಾಟಗಳಿವೆ ಎಂಬುದನ್ನೂ ನೋಡಿ. ವಾರಕ್ಕೆ ಎರಡೇ ಸಲ ಹಾರುವ ಕಂಪನಿಯ ವಿಮಾನ ರದ್ದಾದರೆ ಅದರ ಮುಂದಿನ ವಿಮಾನಕ್ಕೆ ದಿನಗಟ್ಟಲೆ ಕಾಯಬೇಕು.

ಇಲ್ಲಿ ಯುರೋಪಿನ ಕಾನೂನು ಪ್ರಯಾಣಿಕರ ಕಡೆಗಿದೆ. 2004ರ 261ನೇ ನಿಯಮದ ಪ್ರಕಾರ ಒಕ್ಕೂಟದ ನಿಲ್ದಾಣದಿಂದ ಹೊರಡುವ ಯಾವ ಕಂಪನಿಯ ವಿಮಾನವಾದರೂ ಕೊನೆಯ ಊರಿಗೆ ಮೂರು ತಾಸು ಅಥವಾ ಹೆಚ್ಚು ತಡವಾಗಿ ತಲುಪಿದರೆ, ಇಲ್ಲವೇ ಹೊರಡುವ 14 ದಿನಗಳೊಳಗೆ ತಿಳಿಸಿ ರದ್ದುಮಾಡಿದರೆ, 1,500 ಕಿಲೋಮೀಟರ್‌ವರೆಗಿನ ಪ್ರಯಾಣಕ್ಕೆ 250 ಯೂರೋ, ಒಕ್ಕೂಟದೊಳಗೆ ಅದಕ್ಕೂ ಹೆಚ್ಚಿನ ದೂರಕ್ಕೆ 400 ಯೂರೋ ಪರಿಹಾರ ಕೇಳಬಹುದು. ಫ್ರಾಂಕ್‌ಫರ್ಟ್-ಮಾಲಗಾ ಎರಡನೆಯ ಗುಂಪಿಗೆ ಬೀಳುತ್ತದೆ. ನಿಮ್ಮ ಪಾಸ್‌ಪೋರ್ಟ್ ಯಾವ ದೇಶದ್ದು, ಟಿಕೆಟ್ ಎಷ್ಟು ಅಗ್ಗದ್ದು ಎಂಬುದು ಲೆಕ್ಕಕ್ಕಿಲ್ಲ. ಇಪ್ಪತ್ತು ಯೂರೋದ ಟಿಕೆಟ್ಟಿಗೂ 250 ಯೂರೋ. ಬಿರುಗಾಳಿ, ವಾಯು ಸಂಚಾರ ನಿಯಂತ್ರಕರ ಮುಷ್ಕರದಂಥ ಕಂಪನಿಯ ಕೈಮೀರಿದ ಕಾರಣಗಳಿದ್ದರೆ ಈ ಪರಿಹಾರವಿಲ್ಲ, ಆದರೆ ಆಗಲೂ ಕಾಯಿಸಿದ್ದಕ್ಕೆ ಊಟ, ರಾತ್ರಿ ಉಳಿಯಬೇಕಾದರೆ ಹೋಟೆಲು ಕೊಡಲೇಬೇಕು. ಈ ನಿಯಮವನ್ನು ತಿದ್ದುವ ಚರ್ಚೆ ಬ್ರಸೆಲ್ಸ್‌ನಲ್ಲಿ ನಡೆದಿರುವುದರಿಂದ ಹೊರಡುವ ಮುನ್ನ ಒಮ್ಮೆ ನೋಡಿಕೊಳ್ಳಿ. ಬೋರ್ಡಿಂಗ್ ಪಾಸಿನ ಚಿತ್ರ ಮತ್ತು ನಿಲ್ದಾಣದ ಫಲಕದಲ್ಲಿ ತೋರಿಸಿದ ಸಮಯದ ಚಿತ್ರವನ್ನು ಫೋನಿನಲ್ಲಿ ಉಳಿಸಿ, ಅರ್ಜಿಯನ್ನು ವಿಮಾನ ಹಾರಿಸಿದ ಕಂಪನಿಗೆ ನೇರವಾಗಿ ಹಾಕಿ. ಪಾಲು ಕೇಳುವ ದಲ್ಲಾಳಿ ತಾಣಗಳ ಅಗತ್ಯವಿಲ್ಲ.

ಕಂಪನಿಯೇ ಮುಳುಗಿದರೆ ಈ ಕಾನೂನು ಕೈಹಿಡಿಯದು. ಬ್ರಿಟನ್ನಿನ ಮೊನಾರ್ಕ್ ಮತ್ತು ಜರ್ಮನಿಯ ಏರ್ ಬರ್ಲಿನ್ 2017ರಲ್ಲಿ, ಐಸ್‌ಲ್ಯಾಂಡಿನ ವಾವ್ 2019ರಲ್ಲಿ, ಅದೇ ದೇಶದ ಪ್ಲೇ 2025ರಲ್ಲಿ ಹಾರಾಟ ನಿಲ್ಲಿಸಿದವು. ಕಿಂಗ್‌ಫಿಷರ್, ಜೆಟ್, ಗೋ ಫಸ್ಟ್‌ಗಳನ್ನು ಕಂಡ ನಮಗೆ ಇದು ಹೊಸದಲ್ಲ. ಆರು ತಿಂಗಳು ಮೊದಲೇ ಕೊಳ್ಳುವುದಾದರೆ ಕ್ರೆಡಿಟ್ ಕಾರ್ಡಿನಲ್ಲಿ ಕಟ್ಟಿ, ಬ್ಯಾಂಕಿನ ಮೂಲಕ ದುಡ್ಡು ವಾಪಸ್ ಕೇಳಲು ಒಂದು ದಾರಿಯಾದರೂ ಇರುತ್ತದೆ.

ಮಂಡಿನೋವಿನ ಹಿರಿಯರಿಗೆ

ಕಡಿಮೆ ದರದ ವಿಮಾನಗಳು ಎಷ್ಟೋ ಕಡೆ ಕಟ್ಟಡದಿಂದ ದೂರ ನಿಲ್ಲುತ್ತವೆ. ಬಸ್ಸಿನಲ್ಲಿ ಹೋಗಿ, ಬಯಲಲ್ಲಿ ನಿಂತು, ಕಡಿದಾದ ಕಬ್ಬಿಣದ ಮೆಟ್ಟಿಲು ಹತ್ತಬೇಕು. ಗಾಲಿಕುರ್ಚಿಯ ನೆರವನ್ನು ಯುರೋಪಿನಲ್ಲಿ 2006ರ 1107ನೇ ನಿಯಮದಡಿ ಪುಕ್ಕಟೆ ಕೊಡಲೇಬೇಕು, ಅಗ್ಗದ ಕಂಪನಿಯೂ ಇದಕ್ಕೆ ಹೊರತಲ್ಲ. ಹೊರಡುವ 48 ತಾಸು ಮೊದಲು ಕಂಪನಿಗೆ ತಿಳಿಸಿರಬೇಕು, ಅಷ್ಟೆ. ಮೆಟ್ಟಿಲು ಹತ್ತಲು ಆಗುವುದಿಲ್ಲವೆಂದು ಅರ್ಜಿಯಲ್ಲಿ ಸ್ಪಷ್ಟವಾಗಿ ಗುರುತು ಹಾಕಿ, ಆಗ ಎತ್ತುವ ಗಾಡಿ ತರುತ್ತಾರೆ. ಸಂಕೋಚಪಟ್ಟು ಕೇಳದೆ ಹೋಗುವುದು ನಮ್ಮ ಹಿರಿಯರ ಅಭ್ಯಾಸ. ಭಾಷೆ ಬಾರದವರಿಗೆ ಆ ಕುರ್ಚಿ ತಳ್ಳುವವನೇ ದಾರಿ ತೋರಿಸುವವನೂ ಆಗುತ್ತಾನೆ.

ಅಕ್ಕ, ಭಾವನಿಗೆ ಕೊನೆಗೆ ಬೆಂಗಳೂರಿನಿಂದ ಮಾಲಗಾದವರೆಗೆ ಒಂದೇ ಟಿಕೆಟ್ ತೆಗೆದೆವು, ಫ್ರಾಂಕ್‌ಫರ್ಟಿನಲ್ಲಿ ಮೂರೂವರೆ ತಾಸು ಬಿಡುವು, ಇಬ್ಬರಿಗೂ ಗಾಲಿಕುರ್ಚಿ. ದೇವನಹಳ್ಳಿಯ ಕೌಂಟರಿನಲ್ಲಿ ಪೆಟ್ಟಿಗೆಗೆ ಸುತ್ತುವ ಉದ್ದನೆಯ ಚೀಟಿಯ ಮೇಲೆ ಫ್ರಾಂಕ್‌ಫರ್ಟಿನ 'ಎಫ್‌ಆರ್‌ಎ' ಅಷ್ಟೇ ಇದೆಯೋ, ಅದರ ಜೊತೆ ಮಾಲಗಾದ 'ಎಜಿಪಿ' ದೊಡ್ಡಕ್ಷರದಲ್ಲಿ ಇದೆಯೋ ನೋಡದೆ ಅಲ್ಲಿಂದ ಕದಲಬೇಡ ಎಂದು ಅಕ್ಕನಿಗೆ ಹೇಳಿದ್ದೆ. ರಾತ್ರಿ ಹನ್ನೊಂದರ ಸುಮಾರಿಗೆ ನಾಲ್ಕೂ ಪೆಟ್ಟಿಗೆಗಳ ಚೀಟಿಯ ಫೋಟೊ ವಾಟ್ಸ್‌ಆ್ಯಪ್‌ನಲ್ಲಿ ಬಂತು. ನಾಲ್ಕರಲ್ಲೂ 'ಎಜಿಪಿ' ಇತ್ತು, ಒಂದರ ಕೆಳಗೆ ತೂಕ 22.8 ಎಂದಿತ್ತು.